3 ತಿಂಗಳಲ್ಲಿ ಸ್ಕ್ಯಾನಿಂಗ್ ಕಲಿತು ಸ್ವಂತ ಸೆಂಟರ್ ಹಾಕಬಹುದಾ? ಎಕ್ಸ್‌-ರೇ, ಸ್ಕ್ಯಾನಿಂಗ್ ಕೆಲಸದ ಬಗ್ಗೆ ಓಡಾಡುವ 5 ಫಾರ್ವರ್ಡ್‌ಗಳ ಅಸಲಿಯತ್ತು

ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದ ವಾರವೇ ಊರಿನ ವಾಟ್ಸಾಪ್ ಗುಂಪುಗಳಲ್ಲಿ ಕೋರ್ಸ್‌ಗಳ ಜಾಹೀರಾತು ಶುರುವಾಗುತ್ತದೆ. ಅದರಲ್ಲಿ ಒಂದು ಬಗೆ ನಿಮಗೂ ಬಂದಿರುತ್ತದೆ: "ಸ್ಕ್ಯಾನಿಂಗ್ ಟೆಕ್ನಿಷಿಯನ್ ಕೋರ್ಸ್, ಕೇವಲ 3 ತಿಂಗಳು, 100% ಕೆಲಸ ಗ್ಯಾರಂಟಿ, ಸೀಟು ಕೆಲವೇ ಕೆಲವು." ಅದರ ಹಿಂದೆಯೇ ಇನ್ನೊಂದು ಬರುತ್ತದೆ: "ಎಕ್ಸ್‌-ರೇ ರೂಮಿನಲ್ಲಿ ಕೆಲಸ ಮಾಡುವವರಿಗೆ ಮಕ್ಕಳಾಗಲ್ಲ, ಹೆಣ್ಣುಮಕ್ಕಳನ್ನ ಈ ಲೈನಿಗೆ ಕಳಿಸಬೇಡಿ."

ಮೊದಲನೆಯದನ್ನು ನಂಬಿ ಒಂದು ಮನೆಯವರು ಕಬ್ಬಿನ ದುಡ್ಡು ಕಟ್ಟುತ್ತಾರೆ. ಎರಡನೆಯದನ್ನು ನಂಬಿ ಇನ್ನೊಂದು ಮನೆಯವರು ಒಳ್ಳೆಯ ಸೀಟು ಬಿಡಿಸುತ್ತಾರೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲದಂಥ ತಾಲ್ಲೂಕುಗಳಲ್ಲಿ ವಿಜ್ಞಾನ ಓದಿ ಎಂಬಿಬಿಎಸ್ ಸೀಟು ಸಿಗದ ಮಕ್ಕಳಿಗೆ ಇದು ದೂರದ ವಿಷಯವಲ್ಲ. ಹಾಗಾಗಿ ಹೆಚ್ಚು ಓಡಾಡುವ ಐದು ಹೇಳಿಕೆಗಳನ್ನು ಒಂದೊಂದಾಗಿ ನೋಡೋಣ.

ಸಮಯ ಇಲ್ಲದವರಿಗೆ, ಚುಟುಕಾಗಿ

- 3 ತಿಂಗಳ ಕೋರ್ಸ್‌ನಿಂದ ಇಮೇಜಿಂಗ್ ಟೆಕ್ನಾಲಜಿಸ್ಟ್ ಆಗುವುದಿಲ್ಲ. ಡಿಪ್ಲೊಮಾ ಅಥವಾ ಪದವಿ ಬೇಕು.
- ಗರ್ಭಿಣಿಯರ ಸ್ಕ್ಯಾನಿಂಗ್ ಅನ್ನು ನಮ್ಮ ದೇಶದಲ್ಲಿ ಟೆಕ್ನಿಷಿಯನ್ ಮಾಡುವಂತಿಲ್ಲ. ಮಾಡಿದರೆ ಜೈಲು.
- ನಿಯಮ ಪಾಲಿಸುವ ಎಕ್ಸ್‌-ರೇ ಕೊಠಡಿಯಲ್ಲಿ ಕೆಲಸ ಮಾಡಿದರೆ ಬಂಜೆತನ ಬರುವುದಿಲ್ಲ.
- ಎಂ.ಆರ್.ಐ.ನಲ್ಲಿ ಎಕ್ಸ್‌-ರೇ ಥರದ ವಿಕಿರಣ ಇಲ್ಲ. ಆದರೆ ಅಪಾಯವೇ ಇಲ್ಲ ಎಂದಲ್ಲ.
- ಎ.ಐ. ಬಂದು ಈ ಕೆಲಸಗಳೆಲ್ಲ ಹೋಗುತ್ತವೆ ಎನ್ನುವ ಭವಿಷ್ಯವಾಣಿ ಒಮ್ಮೆ ಆಗಲೇ ಸುಳ್ಳಾಗಿದೆ.

ಮೊದಲು ಇದು ಗೊತ್ತಿರಲಿ: ಚಿತ್ರ ತೆಗೆಯುವವರು ಬೇರೆ, ರಿಪೋರ್ಟ್ ಬರೆಯುವವರು ಬೇರೆ

ಬಿದ್ದು ಕೈ ಮುರಿದುಕೊಂಡಾಗ ಕೈಯನ್ನು ಸರಿಯಾದ ಕೋನದಲ್ಲಿಟ್ಟು, ಎಷ್ಟು ಕಿರಣ ಬೇಕೆಂದು ಹೊಂದಿಸಿ, ಚಿತ್ರ ತೆಗೆಯುವವರು ಟೆಕ್ನಾಲಜಿಸ್ಟ್. ರೇಡಿಯಾಗ್ರಾಫರ್, ಎಕ್ಸ್‌-ರೇ ಟೆಕ್ನಿಷಿಯನ್, ಕ್ಷ-ಕಿರಣ ತಂತ್ರಜ್ಞ ಎಂಬ ಹೆಸರುಗಳೂ ಇವೆ. ಆ ಚಿತ್ರ ನೋಡಿ "ಇಲ್ಲಿ ಬಿರುಕಿದೆ" ಎಂದು ರಿಪೋರ್ಟ್ ಬರೆದು ಸಹಿ ಹಾಕುವವರು ರೇಡಿಯಾಲಜಿಸ್ಟ್. ಅವರು ಎಂಬಿಬಿಎಸ್ ಮುಗಿಸಿ, ಅದರ ಮೇಲೆ ರೇಡಿಯಾಲಜಿಯಲ್ಲಿ ಸ್ನಾತಕೋತ್ತರ ಓದಿದ ವೈದ್ಯರು.

ಊರಲ್ಲಿ ಇಬ್ಬರನ್ನೂ "ಸ್ಕ್ಯಾನಿಂಗ್ ಡಾಕ್ಟ್ರು" ಅಂತಲೇ ಕರೆಯುವುದರಿಂದ ಗೊಂದಲ ಹುಟ್ಟುತ್ತದೆ. ಫಾರ್ವರ್ಡ್ ಜಾಹೀರಾತುಗಳು ಬಳಸಿಕೊಳ್ಳುವುದೂ ಇದೇ ಗೊಂದಲವನ್ನು. ಹಾಗೆಂದು ಟೆಕ್ನಾಲಜಿಸ್ಟ್ ಕೆಲಸ ಬರೀ ಬಟನ್ ಒತ್ತುವುದು ಎಂದುಕೊಳ್ಳಬೇಡಿ. ಎದೆಯ ಎಕ್ಸ್‌-ರೇ ತೆಗೆಯುವಾಗ ರೋಗಿ ಸ್ವಲ್ಪ ತಿರುಗಿ ನಿಂತಿದ್ದರೂ ಹೃದಯ ಇರುವುದಕ್ಕಿಂತ ಬೇರೆ ಆಕಾರದಲ್ಲಿ ಕಾಣಬಹುದು. ಉಸಿರು ಪೂರ್ತಿ ಎಳೆದುಕೊಳ್ಳದಿದ್ದರೆ ಚೆನ್ನಾಗಿರುವ ಶ್ವಾಸಕೋಶದಲ್ಲೂ ಕಾಯಿಲೆ ಇದ್ದಂತೆ ಕಾಣಬಹುದು. ಚಿತ್ರ ಕೆಟ್ಟರೆ ಎಷ್ಟು ದೊಡ್ಡ ಡಾಕ್ಟರಾದರೂ ಸರಿಯಾಗಿ ಓದಲಾರರು. ಮತ್ತೆ ತೆಗೆಯಬೇಕೆಂದರೆ ರೋಗಿಗೆ ಇನ್ನೊಮ್ಮೆ ಕಿರಣ.

ಹೇಳಿಕೆ 1: "3 ತಿಂಗಳ ಕೋರ್ಸ್ ಮಾಡಿದರೆ ಸಾಕು, ಟೆಕ್ನಿಷಿಯನ್ ಕೆಲಸ ಗ್ಯಾರಂಟಿ"

ಸುಳ್ಳು. ಕರ್ನಾಟಕದಲ್ಲಿ ಈ ಕೆಲಸಕ್ಕೆ ಹೋಗಲು ಮುಖ್ಯವಾಗಿ ಎರಡು ದಾರಿಗಳಿವೆ.

ಒಂದು, ರಾಜ್ಯದ ಪ್ಯಾರಾಮೆಡಿಕಲ್ ಮಂಡಳಿಯ ಡಿಪ್ಲೊಮಾ. ಎಸ್‌ಎಸ್‌ಎಲ್‌ಸಿ ನಂತರವೂ ಸೇರಬಹುದು, ಪಿಯುಸಿ ವಿಜ್ಞಾನದ ನಂತರವೂ ಸೇರಬಹುದು. ಎಸ್‌ಎಸ್‌ಎಲ್‌ಸಿ ಮುಗಿಸಿ ಬಂದವರಿಗೆ ಅವಧಿ ಹೆಚ್ಚು. ಹೇಗೆ ನೋಡಿದರೂ ಇದು ವರ್ಷಗಳ ಲೆಕ್ಕ, ತಿಂಗಳ ಲೆಕ್ಕವಲ್ಲ.

ಎರಡು, ಬಿ.ಎಸ್ಸಿ. ಮೆಡಿಕಲ್ ಇಮೇಜಿಂಗ್ ಟೆಕ್ನಾಲಜಿ ಪದವಿ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಇದು 3 ವರ್ಷದ ಓದು ಮತ್ತು 1 ವರ್ಷದ ಇಂಟರ್ನ್‌ಶಿಪ್ ಎಂಬ ರೂಪದಲ್ಲಿ ನಡೆದುಬಂದಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದ ಪಿಯುಸಿ ವಿದ್ಯಾರ್ಥಿಗಳಿಗೆ ಇದು ಸರಿಹೊಂದುತ್ತದೆ. ಮುಂದೆ ಎಂ.ಎಸ್ಸಿ. ಕೂಡ ಮಾಡಬಹುದು.

2021ರಲ್ಲಿ ಸಂಸತ್ತು ಅಲೈಡ್ ಮತ್ತು ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗ ಕಾಯ್ದೆಯನ್ನು ಅಂಗೀಕರಿಸಿತು. ಅಲ್ಲಿಯವರೆಗೆ ವೈದ್ಯರಿಗೆ, ನರ್ಸ್‌ಗಳಿಗೆ ಇದ್ದಂಥ ರಾಷ್ಟ್ರೀಯ ಕಾನೂನು ಟೆಕ್ನಾಲಜಿಸ್ಟ್‌ಗಳಿಗೆ ಇರಲಿಲ್ಲ. ಈ ಕಾಯ್ದೆಯ ಪಟ್ಟಿಯಲ್ಲಿ ರೇಡಿಯಾಲಜಿ, ಇಮೇಜಿಂಗ್ ಮತ್ತು ಚಿಕಿತ್ಸಾ ತಂತ್ರಜ್ಞಾನ ಒಂದು ಪ್ರತ್ಯೇಕ ವಿಭಾಗ. ಅಲೈಡ್ ಹೆಲ್ತ್ ವೃತ್ತಿಪರ ಎನಿಸಿಕೊಳ್ಳಲು ಕನಿಷ್ಠ 2,000 ಗಂಟೆಗಳ ಓದು ಬೇಕು, ಅದು 2ರಿಂದ 4 ವರ್ಷಗಳಲ್ಲಿ ಹರಡಿರಬೇಕು ಎನ್ನುತ್ತದೆ ಈ ಕಾನೂನು.

ಈಗ ನೀವೇ ಲೆಕ್ಕ ಹಾಕಿ. ದಿನಕ್ಕೆ 6 ಗಂಟೆಯಂತೆ, ಭಾನುವಾರವೂ ರಜೆ ಇಲ್ಲದೆ 90 ದಿನ ಪಾಠ ಮಾಡಿದರೂ 540 ಗಂಟೆ. ಬೇಕಿರುವುದರ ಮೂರನೇ ಒಂದು ಭಾಗವೂ ಆಗುವುದಿಲ್ಲ.

ಇದಲ್ಲದೆ ಎಕ್ಸ್‌-ರೇ ಮತ್ತು ಸಿ.ಟಿ. ಯಂತ್ರಗಳ ಮೇಲೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಹಿಡಿತವಿದೆ. 1983ರಲ್ಲಿ ಆರಂಭವಾದ ಈ ಮಂಡಳಿ ಅಣುವಿದ್ಯುತ್ ಸ್ಥಾವರಗಳನ್ನು ಮಾತ್ರ ನೋಡಿಕೊಳ್ಳುತ್ತದೆ ಎಂದು ಹಲವರು ತಿಳಿದಿದ್ದಾರೆ. ನಿಮ್ಮ ಪೇಟೆಯ ಎಕ್ಸ್‌-ರೇ ಅಂಗಡಿಯೂ ಅದರ ವ್ಯಾಪ್ತಿಗೇ ಬರುತ್ತದೆ. ಯಂತ್ರ ನಡೆಸುವವರಿಗೆ ಸರಿಯಾದ ವಿದ್ಯಾರ್ಹತೆ ಇರಬೇಕೆಂಬುದು ಅದರ ನಿಯಮ. ಅರ್ಹತೆ ಇಲ್ಲದವರನ್ನು ಇಟ್ಟುಕೊಂಡ ಕಡೆ ನಿಮ್ಮ ಮಗನಿಗೆ ಕೆಲಸ ಸಿಕ್ಕರೂ ಅದು ತಪಾಸಣೆ ಬರುವವರೆಗಿನ ಕೆಲಸ.

ಹೇಳಿಕೆ 2: "ಸ್ಕ್ಯಾನಿಂಗ್ ಕಲಿತು ಊರಲ್ಲೇ ಸ್ವಂತ ಸೆಂಟರ್ ಹಾಕಿ"

ಇದು ಸುಳ್ಳು ಮಾತ್ರವಲ್ಲ, ಅಪಾಯಕಾರಿ. ನಮ್ಮ ಜಿಲ್ಲೆಯವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಭೇದಿಸಿದ ಹೆಣ್ಣು ಭ್ರೂಣ ಹತ್ಯೆಯ ಜಾಲ ಇಡೀ ರಾಜ್ಯದಲ್ಲಿ ಸುದ್ದಿಯಾಯಿತು. ಮಂಡ್ಯದ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ಎಂದು ನೋಡುತ್ತಿದ್ದರು ಎಂಬುದು ತನಿಖೆಯಲ್ಲಿ ಹೊರಬಂತು. ವೈದ್ಯರು, ಲ್ಯಾಬ್ ಟೆಕ್ನಿಷಿಯನ್‌ಗಳು ಸೇರಿ ಹಲವರ ಬಂಧನವಾಯಿತು. ಸರ್ಕಾರ ತನಿಖೆಯನ್ನು ಸಿ.ಐ.ಡಿ.ಗೆ ವಹಿಸಿತು. ಅದರ ಕಾವು ಆರುವ ಮೊದಲೇ, 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆಯ ವಸತಿಗೃಹದಲ್ಲೇ ಭ್ರೂಣ ಹತ್ಯೆ ನಡೆಸುತ್ತಿದ್ದ ಪ್ರಕರಣ ಬೆಳಕಿಗೆ ಬಂತು.

ಬೆಲ್ಲ ಬೇಯಿಸುವ ಜಾಗಕ್ಕೆ ಸ್ಕ್ಯಾನಿಂಗ್ ಯಂತ್ರ ಬರುವುದು ಹೇಗೆ ಸಾಧ್ಯ? ಸಿ.ಟಿ. ಅಥವಾ ಎಂ.ಆರ್.ಐ. ಯಂತ್ರವನ್ನು ಹಾಗೆ ಬಚ್ಚಿಡಲಾಗುವುದಿಲ್ಲ. ಅದಕ್ಕೆ ವಿಶೇಷ ಕೊಠಡಿ ಬೇಕು, ಹೆಚ್ಚು ವಿದ್ಯುತ್ ಬೇಕು, ಅದನ್ನು ಸಾಗಿಸುವುದೇ ದೊಡ್ಡ ಕೆಲಸ. ಅಲ್ಟ್ರಾಸೌಂಡ್ ಹಾಗಲ್ಲ. ನಮ್ಮ ಕಿವಿಗೆ ಕೇಳಿಸದ ಶಬ್ದದ ಅಲೆಗಳನ್ನು ದೇಹದೊಳಕ್ಕೆ ಕಳಿಸಿ, ಒಳಗಿನ ಅಂಗಗಳಿಗೆ ತಾಗಿ ಬರುವ ಪ್ರತಿಧ್ವನಿಯಿಂದ ಚಿತ್ರ ಕಟ್ಟುವ ಯಂತ್ರ ಅದು. ವಿಕಿರಣ ಇಲ್ಲ, ಸೀಸದ ಗೋಡೆ ಬೇಡ, ಮನೆಯ ಪ್ಲಗ್ ಸಾಕು. ಕೆಲವು ಯಂತ್ರಗಳನ್ನು ಬ್ಯಾಗಿನಲ್ಲಿಟ್ಟುಕೊಂಡು ಹೋಗಬಹುದು. ಬಾಣಂತಿ ಆಸ್ಪತ್ರೆಗೆ ಅದನ್ನು ವರವಾಗಿಸಿದ ಗುಣವೇ ಆಲೆಮನೆಗೂ ಅದನ್ನು ತಲುಪಿಸಿತು.

ಅದಕ್ಕಾಗಿಯೇ 1994ರ ಪಿ.ಸಿ.ಪಿ.ಎನ್‌.ಡಿ.ಟಿ. ಕಾಯ್ದೆ ಬಿಗಿಯಾಗಿದೆ. ಇದು 1996ರಲ್ಲಿ ಜಾರಿಗೆ ಬಂತು, 2003ರಲ್ಲಿ ಇನ್ನಷ್ಟು ಗಟ್ಟಿಯಾಯಿತು. ಅದರ ಮುಖ್ಯ ಅಂಶಗಳು ಇಷ್ಟು:

- ಅಲ್ಟ್ರಾಸೌಂಡ್ ಯಂತ್ರ ಇರುವ ಪ್ರತಿ ಕೇಂದ್ರವೂ ನೋಂದಣಿಯಾಗಿರಬೇಕು. ನೋಂದಣಿ ಇಲ್ಲದವರಿಗೆ ಕಂಪನಿ ಯಂತ್ರ ಮಾರುವಂತಿಲ್ಲ.
- ಗರ್ಭಿಣಿಯ ಸ್ಕ್ಯಾನ್ ಮಾಡಬೇಕಾದವರು ಕಾನೂನು ಹೇಳಿದ ಅರ್ಹತೆ, ತರಬೇತಿ ಇರುವ ನೋಂದಾಯಿತ ವೈದ್ಯರು. ಟೆಕ್ನಿಷಿಯನ್ ಅಲ್ಲ.
- ಗರ್ಭಿಣಿಯ ಪ್ರತಿ ಸ್ಕ್ಯಾನ್‌ಗೂ 'ಫಾರಂ ಎಫ್' ತುಂಬಿ ಇಡಬೇಕು.
- ಭ್ರೂಣದ ಲಿಂಗವನ್ನು ಮಾತಿನಲ್ಲಾಗಲಿ, ಸನ್ನೆಯಲ್ಲಾಗಲಿ, ಬೇರೆ ಯಾವ ರೀತಿಯಲ್ಲಾಗಲಿ ತಿಳಿಸುವಂತಿಲ್ಲ.
- ತಪ್ಪು ಮಾಡಿದವರಿಗೆ ಮೊದಲ ಸಲ 3 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ. ಮತ್ತೆ ಮಾಡಿದರೆ 5 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ.
- ಲಿಂಗ ಪತ್ತೆ ಮಾಡಿಸಲು ಹೋದವರಿಗೂ ಮೊದಲ ಸಲ 3 ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡವಿದೆ. ಬಲವಂತಕ್ಕೆ ಒಳಗಾದ ಹೆಣ್ಣುಮಗಳಿಗೆ ಈ ಶಿಕ್ಷೆ ಇಲ್ಲ.

ಕೋರ್ಸ್ ಸೇರುವ ಮಕ್ಕಳು ಗಮನಿಸಬೇಕಾದ ಒಂದು ಮಾತಿದೆ. ಶಿಕ್ಷೆ ಕೇಂದ್ರದ ಮಾಲೀಕನಿಗೆ ಮಾತ್ರವಲ್ಲ, ಅಲ್ಲಿ ಕೆಲಸ ಮಾಡುವವರಿಗೂ ಅನ್ವಯಿಸುತ್ತದೆ. "ಓನರ್ ಹೇಳಿದ್ರು, ನಾನು ಮಾಡಿದೆ ಅಷ್ಟೇ" ಎಂದರೆ ತಪ್ಪಿಸಿಕೊಳ್ಳಲಾಗದು. 3 ತಿಂಗಳ ಸರ್ಟಿಫಿಕೇಟ್ ಹಿಡಿದುಕೊಂಡು ನೋಂದಾಯಿತ ಆಸ್ಪತ್ರೆಯಲ್ಲಿ ಕೆಲಸ ಸಿಗದ 20 ವರ್ಷದ ಹುಡುಗನನ್ನು "ಯಂತ್ರ ನಿಭಾಯಿಸಲು ಬಾ, ಒಳ್ಳೆ ಸಂಬಳ ಕೊಡ್ತೀವಿ" ಎಂದು ಕರೆಯುವವರು ಯಾರಿರಬಹುದು ಎಂದು ಯೋಚಿಸಿ.

"ಆದರೆ ಲಂಡನ್ನಿನಲ್ಲಿ ನಮ್ಮಕ್ಕನಿಗೆ ಸ್ಕ್ಯಾನ್ ಮಾಡಿದ್ದು ಡಾಕ್ಟರ್ ಅಲ್ವಲ್ಲ?" ಎಂದು ಕೆಲವರು ಕೇಳುತ್ತಾರೆ. ಅದು ನಿಜವೇ. ಬ್ರಿಟನ್, ಅಮೆರಿಕಾಗಳಲ್ಲಿ ಸೋನೋಗ್ರಾಫರ್ ಎಂಬ ತರಬೇತಿ ಪಡೆದ ವೃತ್ತಿಪರರೇ ಸ್ಕ್ಯಾನ್ ಮಾಡುತ್ತಾರೆ. ಅಲ್ಲಿನ ಕಾನೂನು ಬೇರೆ, ಇಲ್ಲಿನ ಕಾನೂನು ಬೇರೆ. ಇಲ್ಲಿ ಟೆಕ್ನಾಲಜಿಸ್ಟ್ ಅಲ್ಟ್ರಾಸೌಂಡ್ ಕೊಠಡಿಯಲ್ಲಿ ವೈದ್ಯರಿಗೆ ಸಹಾಯ ಮಾಡಬಹುದು, ರೋಗಿಯನ್ನು ಸಿದ್ಧಪಡಿಸಬಹುದು, ದಾಖಲೆ ನೋಡಿಕೊಳ್ಳಬಹುದು. ಅಲ್ಲಿಗೆ ಮುಗಿಯಿತು.

ಹೇಳಿಕೆ 3: "ಎಕ್ಸ್‌-ರೇ ಕೆಲಸ ಮಾಡಿದರೆ ಮಕ್ಕಳಾಗಲ್ಲ"

ಈ ಭಯ ಸುಮ್ಮನೆ ಹುಟ್ಟಿದ್ದಲ್ಲ. 1895ರ ನವೆಂಬರ್ 8ರಂದು ಜರ್ಮನಿಯ ರಾಂಟ್‌ಜೆನ್ ಎಕ್ಸ್‌-ರೇ ಕಂಡುಹಿಡಿದಾಗ ಅದರ ಅಪಾಯ ಯಾರಿಗೂ ಗೊತ್ತಿರಲಿಲ್ಲ. ಆರಂಭದ ದಿನಗಳಲ್ಲಿ ಯಂತ್ರ ಸರಿಯಾಗಿದೆಯೇ ಎಂದು ನೋಡಲು ತಮ್ಮ ಕೈಯನ್ನೇ ಮತ್ತೆ ಮತ್ತೆ ಕಿರಣಕ್ಕೆ ಒಡ್ಡುತ್ತಿದ್ದರು. ಥಾಮಸ್ ಎಡಿಸನ್ನರ ಸಹಾಯಕ ಕ್ಲಾರೆನ್ಸ್ ಡ್ಯಾಲಿ ಹೀಗೆ ಕೈಗಳನ್ನು ಕಳೆದುಕೊಂಡು 1904ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಎಡಿಸನ್ ಆ ಸಂಶೋಧನೆಯನ್ನೇ ಕೈಬಿಟ್ಟರು.

ಆ ಸಾವುಗಳಿಂದ ಕಲಿತ ಪಾಠವೇ ಇಂದಿನ ನಿಯಮಗಳು. ಭಾರತದಲ್ಲಿ ವಿಕಿರಣದ ನಡುವೆ ಕೆಲಸ ಮಾಡುವವರಿಗೆ 5 ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮಿತಿ. ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಮಿಲಿಸೀವರ್ಟ್ ಎಂದರೆ ದೇಹಕ್ಕೆ ತಗುಲಿದ ವಿಕಿರಣವನ್ನು ಅಳೆಯುವ ಮಾನ. ಮಣ್ಣು, ಕಲ್ಲು, ಗಾಳಿ, ಆಕಾಶದಿಂದ ನಮಗೆಲ್ಲರಿಗೂ ವರ್ಷಕ್ಕೆ ಜಾಗತಿಕ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್ ಸಿಗುತ್ತಲೇ ಇರುತ್ತದೆ. ಒಂದು ಎದೆಯ ಎಕ್ಸ್‌-ರೇಯಿಂದ ರೋಗಿಗೆ ಸಿಗುವುದು 0.1 ಅಥವಾ ಅದಕ್ಕಿಂತ ಕಡಿಮೆ.

ಗಂಡಸರಲ್ಲಿ ವೀರ್ಯಾಣು ತಾತ್ಕಾಲಿಕವಾಗಿ ಕಡಿಮೆಯಾಗಬೇಕಾದರೂ ವೃಷಣಗಳಿಗೇ ನೇರವಾಗಿ, ಒಮ್ಮೆಗೇ ಸುಮಾರು 150 ಮಿಲಿಸೀವರ್ಟ್‌ನಷ್ಟು ಬೀಳಬೇಕು. ಶಾಶ್ವತ ಬಂಜೆತನಕ್ಕೆ ಅದರ ಇಪ್ಪತ್ತು ಪಟ್ಟಿಗೂ ಹೆಚ್ಚು ಬೇಕು. ನಿಯಮದಂತೆ ನಡೆಯುವ ಎಕ್ಸ್‌-ರೇ ಕೊಠಡಿಯ ಕೆಲಸದಲ್ಲಿ ಅಷ್ಟು ಸಿಗುವ ಮಾತೇ ಇಲ್ಲ.

ಟೆಕ್ನಾಲಜಿಸ್ಟ್ ಹೇಗೆ ಸುರಕ್ಷಿತವಾಗಿರುತ್ತಾರೆ? ಮೂರು ಸರಳ ಉಪಾಯಗಳಿವೆ.

*ಸಮಯ.* ಯಂತ್ರ ಕಿರಣ ಬಿಡುವುದು ಸೆಕೆಂಡಿನ ಒಂದು ಚೂರು ಹೊತ್ತು ಮಾತ್ರ. ಸ್ವಿಚ್ ನಿಂತರೆ ಕಿರಣವೂ ನಿಂತಿತು, ಬಲ್ಬ್ ಆರಿಸಿದ ಹಾಗೆ. ಕೊಠಡಿಯಲ್ಲಿ "ವಿಕಿರಣ ಉಳಿದುಕೊಂಡಿರುತ್ತದೆ" ಎನ್ನುವುದು ತಪ್ಪು ತಿಳಿವಳಿಕೆ.

*ದೂರ.* ಕಿರಣದ ಮೂಲದಿಂದ ಇರುವ ದೂರ ಎರಡು ಪಟ್ಟಾದರೆ ತಗುಲುವ ವಿಕಿರಣ ನಾಲ್ಕನೇ ಒಂದಕ್ಕೆ ಇಳಿಯುತ್ತದೆ.

*ತಡೆ.* ಸೀಸದ ಪದರವಿರುವ ಪರದೆ, ದಪ್ಪ ಗೋಡೆ, ಸೀಸದ ಏಪ್ರನ್.

ಇವುಗಳ ಜೊತೆಗೆ ಎದೆಯ ಮೇಲೆ ಧರಿಸುವ ಟಿ.ಎಲ್‌.ಡಿ. ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಲ್ಲಿ ಆ ವ್ಯಕ್ತಿಗೆ ಎಷ್ಟು ವಿಕಿರಣ ತಗುಲಿದೆ ಎಂಬುದನ್ನು ಅದು ನೆನಪಿಟ್ಟುಕೊಳ್ಳುತ್ತದೆ. ಪ್ರಯೋಗಾಲಯದಲ್ಲಿ ಬಿಸಿ ಮಾಡಿದಾಗ ಅದರೊಳಗಿನ ವಸ್ತು ಬೆಳಕು ಸೂಸುತ್ತದೆ. ಬೆಳಕು ಹೆಚ್ಚಿದಷ್ಟೂ ತಗುಲಿದ ವಿಕಿರಣ ಹೆಚ್ಚು ಎಂದರ್ಥ.

ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಗರ್ಭಿಣಿಯಾದ ಟೆಕ್ನಾಲಜಿಸ್ಟ್ ಅದನ್ನು ಸಂಸ್ಥೆಗೆ ತಿಳಿಸಿದ ಮೇಲೆ, ಉಳಿದ ಅವಧಿಯಲ್ಲಿ ಹೊಟ್ಟೆಯ ಮಗುವಿಗೆ 1 ಮಿಲಿಸೀವರ್ಟ್ ಮೀರದಂತೆ ನೋಡಿಕೊಳ್ಳುವುದು ಸಂಸ್ಥೆಯ ಹೊಣೆ. ಅಂದರೆ ಕೆಲಸ ಬಿಡಬೇಕಿಲ್ಲ, ಕೆಲಸದ ಜಾಗ ಬದಲಿಸಬೇಕಾಗಬಹುದು. ಅಷ್ಟಕ್ಕೂ ಮ್ಯಾಮೋಗ್ರಫಿ, ಅಂದರೆ ಸ್ತನದ ಎಕ್ಸ್‌-ರೇ ತೆಗೆಯುವಲ್ಲಿ ಮಹಿಳಾ ಟೆಕ್ನಾಲಜಿಸ್ಟ್ ಇಲ್ಲವೆಂದರೆ ನಮ್ಮ ಹಳ್ಳಿಯ ಎಷ್ಟೋ ಅಮ್ಮಂದಿರು ಬಾಗಿಲಿಂದಲೇ ವಾಪಸ್ ಹೋಗುತ್ತಾರೆ. ಹೆಣ್ಣುಮಕ್ಕಳನ್ನು ಈ ಕೆಲಸಕ್ಕೆ ಕಳಿಸಬೇಡಿ ಎನ್ನುವ ಫಾರ್ವರ್ಡ್‌ನ ಬೆಲೆಯನ್ನು ಕೊನೆಗೆ ತೆರುವವರೂ ಹೆಣ್ಣುಮಕ್ಕಳೇ.

ಎಚ್ಚರ ಬೇಕಾದ ಕಡೆ ಎಚ್ಚರ ಬೇಕು. ಬ್ಯಾಡ್ಜ್ ಕೊಡದ, ಏಪ್ರನ್ ಇಲ್ಲದ, ತಡೆಗೋಡೆ ಇಲ್ಲದ ಕೇಂದ್ರದಲ್ಲಿ ಕೆಲಸಕ್ಕೆ ಸೇರಬೇಡಿ.

ಹೇಳಿಕೆ 4: "ಎಂ.ಆರ್.ಐ.ನಲ್ಲಿ ಸಿಕ್ಕಾಪಟ್ಟೆ ರೇಡಿಯೇಷನ್" ಅಥವಾ "ಎಂ.ಆರ್.ಐ.ನಲ್ಲಿ ಏನೂ ಅಪಾಯ ಇಲ್ಲ"

ಎರಡೂ ತಪ್ಪು. ಎಂ.ಆರ್.ಐ. ಕೆಲಸ ಮಾಡುವುದು ಆಯಸ್ಕಾಂತ ಮತ್ತು ರೇಡಿಯೊ ಅಲೆಗಳಿಂದ. ಎಕ್ಸ್‌-ರೇ ಇಲ್ಲಿ ಇಲ್ಲವೇ ಇಲ್ಲ. ಆದರೆ ಆ ಆಯಸ್ಕಾಂತದ ಬಲ ಕೇಳಿ: ಆಸ್ಪತ್ರೆಗಳಲ್ಲಿ ಸಾಮಾನ್ಯವಾದ 1.5 ಟೆಸ್ಲಾ ಯಂತ್ರ ಭೂಮಿಯ ಕಾಂತಶಕ್ತಿಗಿಂತ ಸುಮಾರು 30,000 ಪಟ್ಟು ಬಲವಾದದ್ದು. ಜೊತೆಗೆ ಅದು ಹಗಲೂ ರಾತ್ರಿ ಆನ್ ಇರುತ್ತದೆ. ಸ್ಕ್ಯಾನ್ ನಡೆಯದಿದ್ದಾಗಲೂ, ಕರೆಂಟ್ ಹೋದಾಗಲೂ.

2018ರ ಜನವರಿಯಲ್ಲಿ ಮುಂಬೈನ ಆಸ್ಪತ್ರೆಯೊಂದರಲ್ಲಿ, ರೋಗಿಯ ಜೊತೆ ಬಂದಿದ್ದ ಸಂಬಂಧಿಕರೊಬ್ಬರು ಆಕ್ಸಿಜನ್ ಸಿಲಿಂಡರ್ ಹಿಡಿದು ಎಂ.ಆರ್.ಐ. ಕೊಠಡಿಯೊಳಗೆ ಹೋದರು. ಯಂತ್ರ ಸಿಲಿಂಡರನ್ನು ಸೆಳೆದುಕೊಂಡಿತು. ಅವರು ಉಳಿಯಲಿಲ್ಲ.

ಆ ಬಾಗಿಲಲ್ಲಿ ನಿಂತು "ಜೇಬಿನಲ್ಲಿ ಕೀ ಇದೆಯಾ? ಎದೆಯಲ್ಲಿ ಪೇಸ್‌ಮೇಕರ್ ಇದೆಯಾ? ಹಿಂದೆ ಆಪರೇಷನ್ ಆಗಿ ಕ್ಲಿಪ್ ಹಾಕಿದ್ದಾರಾ? ಕಣ್ಣಿಗೆ ಕಬ್ಬಿಣದ ಚೂರು ಬಿದ್ದಿತ್ತಾ?" ಎಂದು ಕೇಳುವವರೇ ಎಂ.ಆರ್.ಐ. ಟೆಕ್ನಾಲಜಿಸ್ಟ್. ಅವರು ಪದೇ ಪದೇ ಕೇಳಿದಾಗ ನಮಗೆ ಕಿರಿಕಿರಿಯಾಗುತ್ತದೆ. ಅದು ಅವರ ಕೆಲಸದ ಅತಿ ಮುಖ್ಯ ಭಾಗ. ವೆಲ್ಡಿಂಗ್, ಲೇತ್ ಕೆಲಸ ಮಾಡುವವರು ಕಣ್ಣಿನ ಪ್ರಶ್ನೆಗೆ ಯೋಚಿಸಿ ಉತ್ತರಿಸಿ.

ಹಾಗಾದರೆ ಈ ಕ್ಷೇತ್ರದಲ್ಲಿ ಏನೇನು ಶಾಖೆಗಳಿವೆ?

ಎಕ್ಸ್‌-ರೇ ಎನ್ನುವುದು ಮೊದಲ ಮೆಟ್ಟಿಲು. ಅಲ್ಲಿಂದ ಹಲವು ದಾರಿಗಳು ಕವಲೊಡೆಯುತ್ತವೆ.

ಸಿ.ಟಿ. ಸ್ಕ್ಯಾನ್: ದೇಹವನ್ನು ಬ್ರೆಡ್ ಹೋಳಿನಂತೆ ಪದರ ಪದರವಾಗಿ ತೋರಿಸುವ ಎಕ್ಸ್‌-ರೇ. ಮೊದಲ ರೋಗಿಯ ಸ್ಕ್ಯಾನ್ ನಡೆದಿದ್ದು 1971ರಲ್ಲಿ, ಲಂಡನ್ನಿನಲ್ಲಿ. ಬೈಕ್ ಅಪಘಾತ, ಪಾರ್ಶ್ವವಾಯು ಎಂದಾಗ ಮೊದಲು ಓಡುವುದು ಇಲ್ಲಿಗೇ. ಹಾಗಾಗಿ ರಾತ್ರಿ ಪಾಳಿ ತಪ್ಪದು. ಕಾಂಟ್ರಾಸ್ಟ್ ಔಷಧ ಕೊಡುವ ಮುನ್ನ ಕಿಡ್ನಿಯ ರಕ್ತಪರೀಕ್ಷೆ, ಅಲರ್ಜಿ ಎಲ್ಲ ನೋಡಬೇಕು. ಎದೆ ಎಕ್ಸ್‌-ರೇಗಿಂತ ವಿಕಿರಣ ಹತ್ತಾರು ಪಟ್ಟು ಹೆಚ್ಚು, ಆದ್ದರಿಂದ ಹೊಣೆಯೂ ಹೆಚ್ಚು.

ಎಂ.ಆರ್.ಐ.: ಮೆದುಳು, ಬೆನ್ನುಹುರಿ, ಮಂಡಿಯಂಥ ಮೃದು ಭಾಗಗಳಿಗೆ. ಕಲಿಯಲು ಕಷ್ಟ, ಆದ್ದರಿಂದ ನುರಿತವರಿಗೆ ಬೆಲೆ ಇದೆ.

ಕ್ಯಾಥ್‌ಲ್ಯಾಬ್: ಹೃದಯದ ರಕ್ತನಾಳ ನೋಡುತ್ತಲೇ ಸ್ಟೆಂಟ್ ಹಾಕುವ ಕೊಠಡಿ. ಮೈಸೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೆಸರು ಕೇಳದ ಮನೆ ನಮ್ಮ ಭಾಗದಲ್ಲಿ ಕಡಿಮೆ. ಇಲ್ಲಿ ಕಿರಣ ನಿರಂತರವಾಗಿ ಬರುವುದರಿಂದ ಏಪ್ರನ್ ಹಾಕಿಕೊಂಡೇ ನಿಲ್ಲಬೇಕು.

ನ್ಯೂಕ್ಲಿಯರ್ ಮೆಡಿಸಿನ್: ಇಲ್ಲಿ ಕಿರಣ ಯಂತ್ರದಿಂದ ಬರುವುದಿಲ್ಲ, ರೋಗಿಗೆ ಕೊಟ್ಟ ಔಷಧದಿಂದ ಬರುತ್ತದೆ. ಕ್ಯಾನ್ಸರ್ ಎಲ್ಲಿ ಹರಡಿದೆ ಎಂದು ತೋರಿಸುವ ಪೆಟ್ ಸ್ಕ್ಯಾನ್‌ನಲ್ಲಿ ಬಳಸುವ ಫ್ಲೋರಿನ್-18ರ ಶಕ್ತಿ ಪ್ರತಿ 110 ನಿಮಿಷಕ್ಕೆ ಅರ್ಧವಾಗುತ್ತದೆ. ಉದಾಹರಣೆಗೆ, ಬೆಂಗಳೂರಿನಿಂದ ಹೊರಟ ಔಷಧ ರಾಮನಗರ, ಮಂಡ್ಯ, ಶ್ರೀರಂಗಪಟ್ಟಣ ದಾಟಿ ಮೈಸೂರು ತಲುಪಲು ಎರಡೂವರೆ ಗಂಟೆ ಆಯಿತೆನ್ನಿ. ಉಳಿಯುವುದು ಶೇ 40ಕ್ಕಿಂತ ಕಡಿಮೆ. ಯಾವ ರೋಗಿಗೆ ಎಷ್ಟು ಗಂಟೆಗೆ ಸೂಜಿ ಎನ್ನುವುದನ್ನು ನಿಮಿಷದ ಲೆಕ್ಕದಲ್ಲಿ ಹೊಂದಿಸುವ ಕೆಲಸ ಇದು.

ರೇಡಿಯೊಥೆರಪಿ: ಚಿತ್ರ ತೆಗೆಯುವುದಲ್ಲ, ಕಿರಣದಿಂದ ಕ್ಯಾನ್ಸರ್ ಗೆಡ್ಡೆಗೆ ಚಿಕಿತ್ಸೆ ಕೊಡುವುದು. ಇದಕ್ಕೆ ಬೇರೆಯದೇ ಬಿ.ಎಸ್ಸಿ. ಇದೆ. ಬೆಂಗಳೂರಿನ ಕಿದ್ವಾಯಿಯಂಥ ಸಂಸ್ಥೆಗಳಲ್ಲಿ ಒಬ್ಬ ರೋಗಿ ವಾರಗಟ್ಟಲೆ ದಿನವೂ ಬರುತ್ತಾರೆ. ಅವರಿಗೆ ದಿನಾ ಕಾಣುವ ಮುಖ ಈ ಟೆಕ್ನಾಲಜಿಸ್ಟ್‌ನದು.

ಮೆಡಿಕಲ್ ಫಿಸಿಸಿಸ್ಟ್: ಭೌತಶಾಸ್ತ್ರ ಇಷ್ಟಪಡುವವರು ಎಂ.ಎಸ್ಸಿ. ಭೌತಶಾಸ್ತ್ರದ ನಂತರ ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಒಂದು ವರ್ಷದ ರೇಡಿಯಾಲಾಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಿ ಇಲ್ಲಿಗೆ ಬರಬಹುದು. ಎಷ್ಟು ಕಿರಣ, ಯಾವ ಕೋನದಿಂದ ಎಂದು ಲೆಕ್ಕ ಹಾಕುವವರು ಇವರು.

ಯಂತ್ರಗಳ ಹಿಂದಿನ ಕೆಲಸ: ವಿಪ್ರೋ ಜಿ.ಇ., ಸೀಮೆನ್ಸ್ ಹೆಲ್ತಿನಿಯರ್ಸ್‌ನಂಥ ಯಂತ್ರ ಕಂಪನಿಗಳು ಬೆಂಗಳೂರಿನಲ್ಲೇ ಇವೆ. ಹೊಸ ಯಂತ್ರ ಬಂದಾಗ ಆಸ್ಪತ್ರೆಯವರಿಗೆ ಕಲಿಸಿಕೊಡಲು ಇಂಥ ಕಂಪನಿಗಳಿಗೆ ಅನುಭವಿ ಟೆಕ್ನಾಲಜಿಸ್ಟ್‌ಗಳು ಬೇಕಾಗುತ್ತಾರೆ.

ಹೇಳಿಕೆ 5: "ಎ.ಐ. ಬಂದಿದೆ, ಇನ್ನು 5 ವರ್ಷದಲ್ಲಿ ಈ ಕೆಲಸ ಇರಲ್ಲ"

ಇದು ಹೊಸ ಮಾತಲ್ಲ. ಎ.ಐ. ಕ್ಷೇತ್ರದ ದಿಗ್ಗಜ, 2024ರಲ್ಲಿ ನೊಬೆಲ್ ಪಡೆದ ಜೆಫ್ರಿ ಹಿಂಟನ್ 2016ರಲ್ಲೇ ಇನ್ನು ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ನಿಲ್ಲಿಸಬೇಕು, 5 ವರ್ಷದಲ್ಲಿ ಯಂತ್ರವೇ ಅವರಿಗಿಂತ ಚೆನ್ನಾಗಿ ಮಾಡುತ್ತದೆ ಎಂಬರ್ಥದ ಮಾತು ಹೇಳಿದ್ದರು. ಆ 5 ವರ್ಷ ಮುಗಿದು ಬಹಳ ದಿನವಾಯಿತು. ರೇಡಿಯಾಲಜಿಸ್ಟ್‌ಗಳು ಇದ್ದಾರೆ, ಬೇಡಿಕೆಯೂ ಇದೆ.

ಕೆಲಸ ಬದಲಾಗುತ್ತಿದೆ ಎನ್ನುವುದು ಮಾತ್ರ ನಿಜ. ಕೈಯಲ್ಲಿ ಹಿಡಿಯಬಹುದಾದ ಎಕ್ಸ್‌-ರೇ ಯಂತ್ರ, ಕ್ಷಯದ ಗುರುತು ಹುಡುಕುವ ಎ.ಐ. ಎರಡನ್ನೂ ದೇಶದ ಕ್ಷಯ ಪತ್ತೆ ಅಭಿಯಾನಗಳಲ್ಲಿ ಬಳಸುತ್ತಿದ್ದಾರೆ. ಆದರೆ ಕೆಮ್ಮುತ್ತಿರುವ ಅಜ್ಜನನ್ನು ನೆಟ್ಟಗೆ ನಿಲ್ಲಿಸಿ "ಉಸಿರು ಎಳ್ಕೊಳಿ, ಹಂಗೇ ಹಿಡ್ಕೊಳಿ" ಎಂದು ಹೇಳಿ ಒಳ್ಳೆಯ ಚಿತ್ರ ತೆಗೆಯುವವರು ಬೇಕೇ ಬೇಕು. ಕೆಟ್ಟ ಚಿತ್ರ ಕೊಟ್ಟರೆ ಎ.ಐ. ಕೂಡ ಕೆಟ್ಟ ಉತ್ತರವನ್ನೇ ಕೊಡುತ್ತದೆ.

ನಮ್ಮ ಭಾಗದವರು ಎಲ್ಲಿ ವಿಚಾರಿಸಬೇಕು?

ದೂರ ಹೋಗಬೇಕಿಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೇ ಆದಿಚುಂಚನಗಿರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಇದೆ. ಮಂಡ್ಯದಲ್ಲಿ ಸರ್ಕಾರದ ಮಿಮ್ಸ್ ಇದೆ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರು ಹತ್ತಿರ. 1924ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜು ಮತ್ತು ಕೆ.ಆರ್. ಆಸ್ಪತ್ರೆ, ಜೊತೆಗೆ ಜೆ.ಎಸ್‌.ಎಸ್‌. ಅಲ್ಲಿವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಬಿ.ಎಸ್ಸಿ. ರೇಡಿಯಾಗ್ರಫಿ ಇದೆ. ಮಣಿಪಾಲದಲ್ಲಿ ಇಮೇಜಿಂಗ್ ಮತ್ತು ನ್ಯೂಕ್ಲಿಯರ್ ಮೆಡಿಸಿನ್ ಎರಡರ ಕೋರ್ಸ್‌ಗಳಿವೆ. ಸೀಟು, ಶುಲ್ಕ, ಪ್ರವೇಶದ ನಿಯಮ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆಯನ್ನೇ ನೋಡಿ, ಹಳೆಯ ಫಾರ್ವರ್ಡ್ ನೋಡಿ ಹೊರಡಬೇಡಿ.

ದುಡ್ಡು ಕಟ್ಟುವ ಮುನ್ನ ಈ 6 ಪ್ರಶ್ನೆ ಕೇಳಿ:

1. ಸರ್ಟಿಫಿಕೇಟ್ ಕೊಡುವುದು ಯಾರು? ಪ್ಯಾರಾಮೆಡಿಕಲ್ ಮಂಡಳಿಯೋ, ವಿಶ್ವವಿದ್ಯಾಲಯವೋ, ಅಥವಾ ಆ ಸಂಸ್ಥೆಯೇ ಮುದ್ರಿಸಿದ ಕಾಗದವೋ?
2. ಈ ವರ್ಷದ ಮಾನ್ಯತೆ ಪಟ್ಟಿಯಲ್ಲಿ ಕಾಲೇಜಿನ ಹೆಸರು, ಅದರ ಮುಂದೆ ಇದೇ ಕೋರ್ಸ್‌ನ ಹೆಸರು ಇದೆಯೇ? ಲ್ಯಾಬ್ ಕೋರ್ಸ್‌ಗೆ ಮಾನ್ಯತೆ ಇದ್ದರೆ ಇಮೇಜಿಂಗ್‌ಗೂ ಇದೆ ಎಂದರ್ಥವಲ್ಲ.
3. ಅಭ್ಯಾಸ ಎಲ್ಲಿ? ಸಿ.ಟಿ., ಎಂ.ಆರ್.ಐ. ಇರುವ ಆಸ್ಪತ್ರೆಯಲ್ಲೋ, ಬರೀ ವಿಡಿಯೊದಲ್ಲೋ?
4. ವಿದ್ಯಾರ್ಥಿಗಳಿಗೆ ಟಿ.ಎಲ್‌.ಡಿ. ಬ್ಯಾಡ್ಜ್ ಕೊಡುತ್ತಾರಾ?
5. ಕಳೆದ ವರ್ಷ ಮುಗಿಸಿದವರು ಈಗ ಎಲ್ಲಿದ್ದಾರೆ? ಇಬ್ಬರ ಜೊತೆ ಮಾತಾಡಿಸಿ ಎನ್ನಿ.
6. "ಗರ್ಭಿಣಿಯರ ಸ್ಕ್ಯಾನಿಂಗ್ ಕಲಿಸ್ತೀವಿ" ಎಂದರಾ? ಹಾಗಿದ್ದರೆ ಅಲ್ಲಿಂದ ಎದ್ದು ಬನ್ನಿ.

ಸಂಬಳದ ವಿಷಯದಲ್ಲಿ ಫಾರ್ವರ್ಡ್‌ನಲ್ಲಿ ಬರುವ ಮೊತ್ತವನ್ನು ನಂಬಬೇಡಿ. ಊರು, ಆಸ್ಪತ್ರೆ, ಪಾಳಿ, ಅನುಭವದ ಮೇಲೆ ಅದು ತುಂಬಾ ಬದಲಾಗುತ್ತದೆ. ನಿಮ್ಮ ತಾಲ್ಲೂಕು ಆಸ್ಪತ್ರೆಯ ಎಕ್ಸ್‌-ರೇ ವಿಭಾಗದಲ್ಲಿ ಜನ ಕಡಿಮೆ ಇರುವ ಹೊತ್ತಿಗೆ ಹೋಗಿ "ಅಣ್ಣಾ, ನೀವು ಏನು ಓದಿದ್ರಿ, ಮೊದಲ ಸಂಬಳ ಎಷ್ಟಿತ್ತು?" ಎಂದು ಕೇಳಿ. ಆ ಹತ್ತು ನಿಮಿಷದ ಮಾತು ಹತ್ತು ಫಾರ್ವರ್ಡ್‌ಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವಿದೇಶದ ಆಸೆ ಇರುವವರಿಗೂ ಒಂದು ಮಾತು: ಬ್ರಿಟನ್ನಿನಲ್ಲಿ ರೇಡಿಯಾಗ್ರಾಫರ್ ಎಂದು ಕೆಲಸ ಮಾಡಲು ಅಲ್ಲಿನ ಆರೋಗ್ಯ ವೃತ್ತಿಗಳ ಮಂಡಳಿಯಲ್ಲಿ ನೋಂದಣಿ ಆಗಿರಲೇಬೇಕು. 3 ತಿಂಗಳ ಕಾಗದ ಅಲ್ಲಿಯ ಬಾಗಿಲನ್ನೂ ತೆರೆಯುವುದಿಲ್ಲ.

ಫಾರ್ವರ್ಡ್ ಮಾಡುವ ಮುನ್ನ

ಇಂಥ ಜಾಹೀರಾತು ನಿಮ್ಮ ಗುಂಪಿಗೆ ಬಂದರೆ, ಕಳಿಸಿದವರನ್ನು ಬೈಯಬೇಡಿ. ಅವರೂ ಯಾರದೋ ಮಕ್ಕಳಿಗೆ ಒಳ್ಳೆಯದಾಗಲಿ ಎಂದೇ ಕಳಿಸಿರುತ್ತಾರೆ. ಮೇಲಿನ 6 ಪ್ರಶ್ನೆಗಳನ್ನು ಅದೇ ಗುಂಪಿಗೆ ಹಾಕಿ. ಭ್ರೂಣದ ಲಿಂಗ ಹೇಳುತ್ತೇವೆ ಎನ್ನುವ ಯಾವುದೇ ಸಂದೇಶ ಬಂದರೆ ಅದನ್ನು ಮುಂದೆ ಕಳಿಸಬೇಡಿ. ಅಂಥ ಜಾಹೀರಾತು ಹಾಕುವುದೂ ಈ ಕಾಯ್ದೆಯಲ್ಲಿ ಅಪರಾಧ. ಸ್ಕ್ರೀನ್‌ಶಾಟ್ ತೆಗೆದು ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿಗೋ ಪೊಲೀಸರಿಗೋ ತಲುಪಿಸಿ.

ಈ ಬಾರಿ ಪಿಯುಸಿ ಮುಗಿಸಿದ ಮಕ್ಕಳಿರುವ ಒಂದು ಮನೆಗಾದರೂ ಈ ಲೇಖನ ಕಳಿಸಿ.